ಗಸಿ ಇಳಿಯುವ ತನಕ

ಬಿಯರ್ ಹುದುಗಲು ಒಂದು ವಾರ ಸಾಕು. ಹುದುಗಿದ ಮೇಲೆ ಅದನ್ನು ಎಲ್ಲಿಡಬೇಕು, ಎಷ್ಟು ದಿನ ಇಡಬೇಕು, ಯಾವಾಗ ಬಾಟಲಿಗೆ ತುಂಬಬೇಕು ಎಂಬ ಮಾತು ಬಂದರೆ ಮನೆಯಲ್ಲಿ ಬಿಯರ್ ಮಾಡುವ ಇಬ್ಬರು ಒಂದೇ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ನಾನಿರುವ ಅಮೆರಿಕದ ಮಿಲ್ವಾಕಿಯಲ್ಲಿ ಈ ಹವ್ಯಾಸದವರು ಆಗಾಗ ಒಂದೆಡೆ ಸೇರುತ್ತೇವೆ. ನಮ್ಮಲ್ಲಿ ಎಂಬತ್ತರ ದಶಕದಿಂದ ಬಿಯರ್ ಕುದಿಸುತ್ತಿರುವ ಹಿರಿಯರೊಬ್ಬರಿದ್ದಾರೆ. ಏಳನೇ ದಿನ ಪಾತ್ರೆ ಬದಲಿಸಲೇಬೇಕು ಎನ್ನುವುದು ಅವರ ಕಟ್ಟುನಿಟ್ಟು. ಪಾತ್ರೆ ಬದಲಿಸುವುದೇ ಬೇಡ ಎನ್ನುವುದು ಹೊಸಬರ ವಾದ. ನನಗೆ ಇಬ್ಬರದೂ ಅರ್ಧರ್ಧ ಸರಿ ಅನ್ನಿಸುತ್ತದೆ. ಪಾತ್ರೆ ಬದಲಿಸುವುದು ಬೇರೆ, ಕಾಯುವುದು ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಈ ಜಗಳ ಇನ್ನೂ ಬಗೆಹರಿದಿಲ್ಲ.

ಈ ಕೆಲಸ ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತೇವೆ. ಆ ರಸಕ್ಕೆ ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸಿ, ಬೇಗ ಆರಿಸಿ, ಯೀಸ್ಟ್ ಬೆರೆಸಿ ಮುಚ್ಚಿಡುತ್ತೇವೆ. ಅಮೆರಿಕದ ಮನೆಗಳಲ್ಲಿ ಒಂದು ಸಲಕ್ಕೆ ಮಾಡುವುದು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಮರುದಿನ ಮುಚ್ಚಳ ತೆಗೆದರೆ, ಬೇಸಿಗೆಯ ರಾತ್ರಿ ಇಡ್ಲಿ ಹಿಟ್ಟು ಉಕ್ಕಿ ಪಾತ್ರೆಯ ಅಂಚು ದಾಟುವ ಹಾಗೆ ಕಂದು ನೊರೆ ಎದ್ದಿರುತ್ತದೆ. ನಾಲ್ಕೈದು ದಿನಕ್ಕೆ ನೊರೆ ಕುಸಿಯುತ್ತದೆ. ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕಿನ ಗುಳುಗುಳು ಸದ್ದು ನಿಧಾನವಾಗುತ್ತದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ ಮೊದಲ ದಿನ 1.050 ತೋರಿಸಿದ್ದು ಈಗ 1.012ರ ಹತ್ತಿರ ಬಂದಿರುತ್ತದೆ. ಸಕ್ಕರೆ ಹೋಗಿ ಆಲ್ಕೋಹಾಲ್ ಬಂದಿದೆ. ತಳದಲ್ಲಿ ಎರಡು ಬೆರಳು ದಪ್ಪ ಗಸಿ, ಅದರ ಮೇಲೆ ಇನ್ನೂ ಮಬ್ಬಾಗಿರುವ ಬಿಯರ್. ಆ ಬಿಯರನ್ನು ಗಸಿ ಕದಡದಂತೆ ಸೈಫನ್ ಕೊಳವೆಯಲ್ಲಿ ಬಸಿದು, ಕತ್ತು ಕಿರಿದಾದ ಗಾಜಿನ ಕಾರ್ಬಾಯ್‌ಗೆ ಇಳಿಸಿ, ಅಲ್ಲಿ ಇನ್ನಷ್ಟು ಕಾಲ ಬಿಡುವುದನ್ನು ಎಲ್ಲರೂ ಸೆಕೆಂಡರಿ ಎನ್ನುತ್ತಾರೆ.

ಏಳನೇ ದಿನದ ನಿಯಮಕ್ಕೆ ಅದರದೇ ಚರಿತ್ರೆ ಇದೆ. 1933ರಲ್ಲಿ ಅಮೆರಿಕದ ಪಾನನಿಷೇಧ ಕೊನೆಗೊಂಡಾಗ ಮನೆಯಲ್ಲಿ ವೈನ್ ಮಾಡಲು ಅನುಮತಿ ಸಿಕ್ಕಿತು. ಬಿಯರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಕಾನೂನಿನಿಂದ. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಅಲಬಾಮಾ ಮತ್ತು ಮಿಸಿಸಿಪ್ಪಿ 2013ರಲ್ಲಿ ಕೊನೆಯದಾಗಿ ಒಪ್ಪಿದವು. ಕಾರ್ಟರ್ ಕಾನೂನಿನ ಮೊದಲ ವರ್ಷಗಳಲ್ಲಿ ಮನೆಯವರಿಗೆ ಸಿಗುತ್ತಿದ್ದ ಯೀಸ್ಟ್ ಎಂದರೆ ಮಾಲ್ಟ್ ಪಾಕದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಪುಟ್ಟ ಪೊಟ್ಟಣ. ಅದು ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತೋ ಕೇಳುವವರಿರಲಿಲ್ಲ. ಅರ್ಧ ಜೀವದ ಯೀಸ್ಟ್ ಹೇಗೋ ಹುದುಗಿಸಿ ತಳ ಸೇರಿ ಸಾಯುತ್ತಿತ್ತು. ಸತ್ತ ಯೀಸ್ಟಿನ ಕೋಶ ಒಡೆದು ಒಳಗಿನದು ಹೊರಬಂದರೆ ಬಿಯರಿಗೆ ಮಾಂಸದ ಸಾರಿನ, ಸೋಯಾ ಸಾಸಿನ ವಾಸನೆ ಹತ್ತುತ್ತದೆ. ಕಾರ್ಖಾನೆಗಳಲ್ಲಿ ಈ ಭಯ ಇನ್ನೂ ಹೆಚ್ಚು. ಅಲ್ಲಿನ ತೊಟ್ಟಿಗಳು ಮನೆಯ ಮಹಡಿಗಿಂತ ಎತ್ತರ, ಮೇಲಿನ ಬಿಯರಿನ ಭಾರವೆಲ್ಲ ತಳದ ಯೀಸ್ಟಿನ ಮೇಲೆ ಕೂರುತ್ತದೆ. ಅಲ್ಲಿ ಸರಿಯಾಗಿದ್ದ ಎಚ್ಚರ ಹಾಗೆಯೇ ಮನೆಯ ಬಕೆಟ್ಟಿಗೂ ಇಳಿದು ಬಂತು.

ಈಗ ಯೀಸ್ಟ್ ಬದಲಾಗಿದೆ. ತಾಜಾ ದ್ರವ ಯೀಸ್ಟ್ ಸಿಗುತ್ತದೆ, ಒಣ ಯೀಸ್ಟ್ ಕೂಡ ಚೆನ್ನಾಗಿದೆ. ಒಂದಡಿ ಚಿಲ್ಲರೆ ಎತ್ತರದ ಬಕೆಟ್ಟಿನಲ್ಲಿ ಯೀಸ್ಟಿನ ಮೇಲೆ ಯಾವ ಭಾರವೂ ಇಲ್ಲ. ಮೂರು ವಾರ ಗಸಿಯ ಮೇಲೆಯೇ ಬಿಟ್ಟ ಏಲ್, ಅಂದರೆ ಬೆಚ್ಚಗೆ ಹುದುಗಿಸುವ ಬಿಯರ್, ಕೆಡುವುದಿಲ್ಲ. ಹವ್ಯಾಸಿಗಳೆಲ್ಲ ಓದುವ 'ಹೌ ಟು ಬ್ರೂ' ಪುಸ್ತಕದ ಜಾನ್ ಪಾಮರ್ ಕೂಡ ಹಿಂದೆ ಪಾತ್ರೆ ಬದಲಿಸಲು ಹೇಳಿದ್ದವರು, ಆಮೇಲೆ ಸಾಮಾನ್ಯ ಏಲ್‌ಗಳಿಗೆ ಅದು ಬೇಡವೆಂದು ತಮ್ಮ ಸಲಹೆಯನ್ನು ಬದಲಿಸಿದರು. ತಾವೇ ಬರೆದದ್ದನ್ನು ತಾವೇ ತಿದ್ದಿದ ಆ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಒಂದು ತಲೆಮಾರಿನ ಹವ್ಯಾಸಿಗಳು ಅವರ ಮಾತಿನ ಮೇಲೆ ನಿಂತಿದ್ದರು.

ನೊರೆ ಕುಸಿದ ಕೂಡಲೇ ಬಿಯರನ್ನು ಗಸಿಯಿಂದ ಬಿಡಿಸಿಬಿಡುವವರು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತಾರೆ. ಆ ಹೊತ್ತಿಗೆ ಯೀಸ್ಟಿನ ಕೆಲಸ ಮುಗಿದಿರುವುದಿಲ್ಲ. ಹುದುಗುವ ರಭಸದಲ್ಲಿ ಯೀಸ್ಟ್ ಹಲವು ಪದಾರ್ಥಗಳನ್ನು ಹೊರಗೆ ಚೆಲ್ಲಿರುತ್ತದೆ. ಒಂದು ಅಸಿಟಾಲ್ಡಿಹೈಡ್. ಹಸಿ ಸೇಬು ಕತ್ತರಿಸಿದಾಗ ಮೂಗಿಗೆ ಬರುವ ವಾಸನೆ ಅದರದು. ಇನ್ನೊಂದು ಡೈಅಸಿಟೈಲ್. ಇದು ಬೆಣ್ಣೆಯ ವಾಸನೆ, ಸಿನಿಮಾ ಮಂದಿರದ ಪಾಪ್‌ಕಾರ್ನಿನದು. ಸಕ್ಕರೆ ಮುಗಿದ ಮೇಲೆ ಇದೇ ಯೀಸ್ಟ್ ಹಿಂದಿರುಗಿ, ತಾನು ಚೆಲ್ಲಿದ್ದನ್ನು ತಾನೇ ಎತ್ತಿಕೊಂಡು, ವಾಸನೆಯಿಲ್ಲದ ಬೇರೆ ವಸ್ತುವಾಗಿ ಮಾಡುತ್ತದೆ. ಇದಕ್ಕೆ ಕೆಲವು ದಿನ ಬೇಕು, ಸ್ವಲ್ಪ ಬೆಚ್ಚಗೆ ಬೇಕು, ಮುಖ್ಯವಾಗಿ ಬಿಯರಿನಲ್ಲಿ ಬೇಕಾದಷ್ಟು ಯೀಸ್ಟ್ ಇರಬೇಕು. ತಣ್ಣಗೆ ಹುದುಗಿಸುವ ಲಾಗರ್ ಬಿಯರ್ ಮಾಡುವವರು ತಣ್ಣಗೆ ಇಡುವ ಮುಂಚೆ ಎರಡು ಮೂರು ದಿನ ಬಿಯರನ್ನು 16–18 ಡಿಗ್ರಿಗೆ ಏರಿಸುವುದು ಈ ಕಾರಣಕ್ಕೇ. ಅವಸರದಲ್ಲಿ ಬಸಿದರೆ ತೊಳೆಯುವ ಕೈಗಳನ್ನೇ ಹಿಂದಿನ ಪಾತ್ರೆಯಲ್ಲಿ ಬಿಟ್ಟು ಬಂದಂತಾಗುತ್ತದೆ. ಆಮೇಲೆ ಎಷ್ಟು ತಿಂಗಳು ಕಾದರೂ ಬೆಣ್ಣೆಯ ವಾಸನೆ ಹೋಗುವುದು ಕಷ್ಟ.

ಇನ್ನು ಆಮ್ಲಜನಕ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗ ಎಷ್ಟೇ ಹುಷಾರಾಗಿದ್ದರೂ ಗಾಳಿ ಸೇರುತ್ತದೆ. ಹುದುಗುವ ಮೊದಲು ಯೀಸ್ಟ್ ಬೆಳೆಯಲು ಬೇಕಾಗಿದ್ದ ಅದೇ ಆಮ್ಲಜನಕ, ಹುದುಗಿದ ಮೇಲೆ ಬಿಯರಿಗೆ ಕೆಡುಕು. ಹಾಪ್ಸ್ ಪರಿಮಳ ಮೊದಲು ಮಂಕಾಗುತ್ತದೆ. ನಂತರ ಒದ್ದೆ ರಟ್ಟಿನ ರುಚಿ ಬರುತ್ತದೆ. ಇಂಡಿಯಾ ಪೇಲ್ ಏಲ್, ಗೋಧಿ ಬಿಯರ್, ಇವುಗಳ ಸೊಗಸೆಲ್ಲ ತಾಜಾತನದಲ್ಲಿದೆ. ಇಂಥವನ್ನು ಕಾರ್ಬಾಯಿಗೆ ಇಳಿಸಿ ತಿಂಗಳುಗಟ್ಟಲೆ ಇಟ್ಟರೆ ಅಷ್ಟೂ ದಿನ ಒಳಗೆ ಕೆಲಸ ಮಾಡಿದ್ದು ಆಮ್ಲಜನಕ ಒಂದೇ. ಇವನ್ನು ಮೊದಲ ಪಾತ್ರೆಯಲ್ಲೇ ಎರಡು ಮೂರು ವಾರ ಬಿಟ್ಟು, ಹೈಡ್ರೋಮೀಟರ್ ಮೂರು ದಿನದ ಅಂತರದಲ್ಲಿ ಒಂದೇ ಅಂಕಿ ತೋರಿಸಿದ ಮೇಲೆ ನೇರವಾಗಿ ಬಾಟಲಿಗೆ ತುಂಬಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ನನ್ನ ಬೇಸ್‌ಮೆಂಟಿನ ಉತ್ತರದ ಮೂಲೆಯಲ್ಲಿ, ಕಂಬಳಿ ಹೊದ್ದು ಕೂತಿರುವ ಆ ಗಾಜಿನ ಕಾರ್ಬಾಯ್ ಏಕೆ? ಅದರಲ್ಲಿರುವುದು ಬಾರ್ಲಿ ವೈನ್. ಹೆಸರಿನಲ್ಲಿ ವೈನ್ ಇದ್ದರೂ ಅದು ಬಿಯರೇ, ಇಂಗ್ಲೆಂಡಿನಿಂದ ಬಂದ ಅತಿ ಗಟ್ಟಿಯಾದ ಏಲ್. ನಾನು ಅದನ್ನು 1.100ರಿಂದ ಶುರುಮಾಡುತ್ತೇನೆ, ಅದು 1.025ರ ಸುತ್ತ ನಿಲ್ಲುತ್ತದೆ. ಆಲ್ಕೋಹಾಲ್ ಶೇಕಡಾ 10ಕ್ಕೆ ಹತ್ತಿರ. ಸಾಮಾನ್ಯ ಏಲ್‌ಗೆ ಬೇಕಾಗುವುದಕ್ಕಿಂತ ದುಪ್ಪಟ್ಟು ಮಾಲ್ಟ್ ಸುರಿದು, ಅಷ್ಟು ಸಿಹಿಯನ್ನು ತೂಗಲು ಹಾಪ್ಸನ್ನು ಧಾರಾಳವಾಗಿ ಹಾಕಿ, ಮಿಚಿಗನ್ ಸರೋವರದಿಂದ ತಣ್ಣನೆ ಗಾಳಿ ಬೀಸುವ ಅಕ್ಟೋಬರಿನಲ್ಲಿ ಕುದಿಸುತ್ತೇನೆ. ಹುದುಗಿ ಮುಗಿದಾಗ ಅದು ಬಾಯಿಗಿಡುವಂತಿರುವುದಿಲ್ಲ. ಆಲ್ಕೋಹಾಲ್ ಗಂಟಲನ್ನು ಸುಡುತ್ತದೆ, ಕಹಿ ನಾಲಗೆಯ ಹಿಂಬದಿಯನ್ನು ಕೆರೆಯುತ್ತದೆ, ಸಿಹಿ ಎತ್ತಲೋ ಬೇರೆ ಕೂತಿರುತ್ತದೆ. ಒಂದಕ್ಕೊಂದು ಪರಿಚಯವೇ ಇಲ್ಲ.

ಇಂಥ ಬಿಯರಿಗೆ ಪಾತ್ರೆ ಬದಲಿಸಬೇಕು. ಇದು ಗಸಿಯ ಮೇಲೆ ಆರು ತಿಂಗಳು ಕೂರಲಾರದು. ಶೇಕಡಾ 10ರ ಆಲ್ಕೋಹಾಲಿನಲ್ಲಿ ದಣಿದ ಯೀಸ್ಟ್ ನಿಜಕ್ಕೂ ಒಡೆಯುತ್ತದೆ. ಹಾಗಾಗಿ ತಿಂಗಳಾದ ಮೇಲೆ ಬಸಿಯುತ್ತೇನೆ. ನವೆಂಬರಿನಲ್ಲಿ ಬೇಸ್‌ಮೆಂಟ್ ತಣ್ಣಗಾಗುತ್ತದೆ, ಜನವರಿಯಲ್ಲಿ ಆ ಮೂಲೆ 10–12 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ. ಬಿಯರ್ ಮೇಲಿನಿಂದ ತಿಳಿಯಾಗುತ್ತ ಬರುತ್ತದೆ. ಮೊದಲು ಕತ್ತಿನ ಕೆಳಗೆ ಒಂದು ಪಟ್ಟಿ ಹೊಳೆಯುತ್ತದೆ, ವಾರಗಳಲ್ಲಿ ಅದು ಕೆಳಗಿಳಿದು ಇಡೀ ಕಾರ್ಬಾಯ್ ಗಾಢ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಟಾರ್ಚಿನ ಬೆಳಕು ಒಂದು ಕಡೆಯಿಂದ ಹಾಯಿಸಿದರೆ ಇನ್ನೊಂದು ಕಡೆ ಕಾಣುತ್ತದೆ. ಯೀಸ್ಟ್ ಮಾತ್ರವಲ್ಲ, ಮಾಲ್ಟಿನ ಪ್ರೋಟೀನು ಮತ್ತು ಒಗರು ಕೊಡುವ ಪಾಲಿಫಿನಾಲುಗಳೂ ಒಂದನ್ನೊಂದು ಹಿಡಿದುಕೊಂಡು ತಳ ಸೇರಿರುತ್ತವೆ. ಒಗರು ಇಳಿಯಿತು. ಹಾಪ್ಸ್ ಕಹಿಯ ಮೊನೆ ಮೊಂಡಾಯಿತು. ಆಲ್ಕೋಹಾಲಿನ ಉರಿ ಬಿಸುಪಾಯಿತು. ಯುಗಾದಿಯ ಹೊತ್ತಿಗೆ ಒಂದು ಚಮಚ ತೆಗೆದು ಬಾಯಲ್ಲಿಟ್ಟುಕೊಂಡರೆ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಅತ್ತಿಹಣ್ಣು ಒಂದೊಂದಾಗಿ ಬರುತ್ತವೆ. ಯಾವುದನ್ನೂ ನಾನು ಹಾಕಿರಲಿಲ್ಲ. ಎಲ್ಲ ಬಾರ್ಲಿಯೊಳಗಿದ್ದದ್ದು, ಹೊರಗೆ ಬರಲು ಚಳಿಗಾಲ ಬೇಕಾಯಿತು.

ನನ್ನ ಈ ಮೂಲೆಗೆ ಊರಿನ ಚರಿತ್ರೆಯೂ ಬೆಂಬಲಕ್ಕಿದೆ. ಮಿಲ್ವಾಕಿಯನ್ನು ಬಿಯರಿನ ಊರು ಮಾಡಿದವರು ಜರ್ಮನ್ ವಲಸಿಗರು. ಪಾಬ್ಸ್ಟ್, ಶ್ಲಿಟ್ಜ್, ಬ್ಲಾಟ್ಜ್, ಮಿಲ್ಲರ್ ಎಲ್ಲ ಅವರ ಹೆಸರುಗಳೇ. ಫ್ರೆಡರಿಕ್ ಮಿಲ್ಲರ್ 1855ರಲ್ಲಿ ಪ್ಲ್ಯಾಂಕ್ ರೋಡ್ ಬ್ರೂವರಿ ಕೊಂಡಾಗ ಬಿಯರ್ ಹಣ್ಣಾಗಿಸಲು ಅವರಿಗೆ ಬೇಕಾಗಿದ್ದದ್ದು ಗುಡ್ಡದೊಳಗೆ ಕೊರೆದ ಗುಹೆಗಳು. ಚಳಿಗಾಲದಲ್ಲಿ ಹತ್ತಿರದ ಸರೋವರಗಳ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಗರಗಸದಿಂದ ಕತ್ತರಿಸಿ ತಂದು ಗುಹೆಗಳಲ್ಲಿ ಪೇರಿಸುತ್ತಿದ್ದರು. ಪೀಪಾಯಿಗಳು ಬೇಸಿಗೆಯಿಡೀ ಅಲ್ಲಿ ಮಲಗುತ್ತಿದ್ದವು. ಆ ಗುಹೆಗಳ ಒಂದು ಭಾಗ ಇಂದಿಗೂ ಇದೆ. ಒಳಗೆ ಹೋದರೆ ಕಲ್ಲಿನ ತಂಪು ಮೈಗೆ ತಾಗುತ್ತದೆ.

ಅವರು ಈ ಪದ್ಧತಿಯನ್ನು ತಂದದ್ದು ಬವೇರಿಯಾದ ಕಡೆಯಿಂದ. ಬೇಸಿಗೆಯಲ್ಲಿ ಕುದಿಸಿದ ಬಿಯರ್ ಹುಳಿಯಾಗುತ್ತದೆಂದು 1553ರಲ್ಲಿ ಅಲ್ಲಿನ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಒಂದು ಆಜ್ಞೆ ಹೊರಡಿಸಿದ. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ಕುದಿಸಬೇಕು, ಉಳಿದ ತಿಂಗಳುಗಳಲ್ಲಿ ಕೂಡದು. ಹಾಗಾಗಿ ಮಾರ್ಚಿನಲ್ಲಿ ಸ್ವಲ್ಪ ಗಟ್ಟಿಯಾಗಿ ಕುದಿಸಿ, ನೆಲಮಾಳಿಗೆಗಳಲ್ಲಿಟ್ಟು ಬೇಸಿಗೆ ದಾಟಿಸುತ್ತಿದ್ದರು. ನೆಲಮಾಳಿಗೆಗೆ ಬಿಸಿಲು ತಟ್ಟದಿರಲಿ ಎಂದು ಮೇಲೆ ಚೆಸ್ಟ್‌ನಟ್ ಮರ ನೆಟ್ಟರು. ಆ ನೆರಳಿನಲ್ಲಿ ಬೆಂಚು ಹಾಕಿದರು. ಮ್ಯೂನಿಕ್ಕಿನ ಬಿಯರ್ ಗಾರ್ಡನ್ನುಗಳು ಹುಟ್ಟಿದ್ದು ಬಿಯರ್ ಹಣ್ಣಾಗುವ ಜಾಗದ ನೆತ್ತಿಯ ಮೇಲೆ. ತಣ್ಣಗಿನ ಗುಹೆಗಳಲ್ಲಿ ಬದುಕಿ ಉಳಿಯಬಲ್ಲ ಯೀಸ್ಟ್ ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಆಯ್ಕೆಯಾಗುತ್ತ ಬಂತು. ಅದನ್ನು ಶುದ್ಧವಾಗಿ ಬೇರ್ಪಡಿಸಿದವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, 1883ರಲ್ಲಿ. ಅಷ್ಟರಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಬಂದಿತ್ತು. ಗುಹೆಗಳ ಕಾಲ ಮುಗಿಯುತ್ತ ಬಂದಿತ್ತು.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಹಣ್ಣಾಗುವುದೆಂದರೆ ಸುಮ್ಮನೆ ಮಲಗುವುದಲ್ಲ, ಮತ್ತೊಮ್ಮೆ ನಿಜವಾಗಿ ಹುದುಗುವುದು. ಲಂಡನ್ನಿನ ಪೋರ್ಟರ್ ಎಂಬ ಕಡುಬಣ್ಣದ ಬಿಯರನ್ನು ಮರದ ಮಹಾ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಯಾರ ತೊಟ್ಟಿ ದೊಡ್ಡದು ಎಂಬ ಪೈಪೋಟಿ ಬೆಳೆದು, 1814ರ ಅಕ್ಟೋಬರ್ 17ರಂದು ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯ ಹಾರ್ಸ್ ಶೂ ಬ್ರೂವರಿಯಲ್ಲಿ ಒಂದು ತೊಟ್ಟಿ ಒಡೆದು, ಬಿಯರಿನ ಪ್ರವಾಹ ಹಿಂದಿನ ಬಡ ಕೇರಿಗೆ ನುಗ್ಗಿ ಎಂಟು ಜನ ಸತ್ತರು. ಆ ಕೇರಿಯ ನೆಲಮಾಳಿಗೆಯಲ್ಲಿ ಒಂದು ಮಗುವಿನ ಸಾವಿಗೆ ಸೇರಿದ್ದವರೂ ಸತ್ತವರಲ್ಲಿದ್ದರು. ಬಿಯರ್ ಚರಿತ್ರೆಯನ್ನು ಹೇಳುವವರು ಇದನ್ನು ವಿಚಿತ್ರ ಘಟನೆಯೆಂದು ಹೇಳಿ ದಾಟುತ್ತಾರೆ. ನನಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ.

ಆ ಹಳೆಯ ಇಂಗ್ಲಿಷ್ ಬಿಯರುಗಳ ವಿಶಿಷ್ಟ ವಾಸನೆಗೆ ಕಾರಣ ತಿಳಿದದ್ದು 1904ರಲ್ಲಿ. ಕಾರ್ಲ್ಸ್‌ಬರ್ಗಿನವರೇ ಆದ ನೀಲ್ಸ್ ಹೆಲ್ಟೆ ಕ್ಲಾಸನ್, ಮರದ ಪೀಪಾಯಿಗಳಲ್ಲಿ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಯೀಸ್ಟನ್ನು ಕಂಡುಹಿಡಿದು ಬ್ರೆಟನೋಮೈಸಿಸ್ ಎಂದು ಕರೆದರು. ಸಾಮಾನ್ಯ ಯೀಸ್ಟ್ ಮುಟ್ಟದೆ ಬಿಟ್ಟ ಸಕ್ಕರೆಗಳನ್ನು ಇದು ತಿಂಗಳುಗಟ್ಟಲೆ ಮೆಲ್ಲುತ್ತದೆ, ಚರ್ಮದ, ಹಳೆಯ ಲಾಯದ ವಾಸನೆ ಕೊಡುತ್ತದೆ. ಬಹುತೇಕ ಬ್ರೂವರಿಗಳು ಇದನ್ನು ಕಂಡರೆ ಹೆದರುತ್ತವೆ. ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ಮಾಡುವವರು ಮಾತ್ರ ಇದರ ಮೇಲೆಯೇ ಬದುಕಿದ್ದಾರೆ. ಅವರು ಯೀಸ್ಟ್ ಹಾಕುವುದೇ ಇಲ್ಲ, ಚಳಿಯ ರಾತ್ರಿ ಅಗಲ ಪಾತ್ರೆಯಲ್ಲಿ ರಸ ಆರಲು ಬಿಡುತ್ತಾರೆ, ಗಾಳಿಯಲ್ಲಿ ಬಂದದ್ದು ಬಂದಿತು. ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ ಕಳೆದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದ್ದು ಗ್ಯೂಜ್. ಎಳೆಯದರ ಸಕ್ಕರೆ ಬಾಟಲಿಗೆ ನೊರೆ ಕೊಡುತ್ತದೆ, ಹಳೆಯದು ರುಚಿ ಕೊಡುತ್ತದೆ.

ನಮ್ಮ ದೇಶಕ್ಕೂ ಈ ಹಣ್ಣಾಗುವಿಕೆಗೂ ಒಂದು ನಂಟಿದೆ. ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಯ ಪೇಲ್ ಏಲ್, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆಫ್ರಿಕದ ತುದಿ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ತಿಂಗಳುಗಳ ನಂತರ ಕಲ್ಕತ್ತ ಮತ್ತು ಮದ್ರಾಸಿಗೆ ಬರುತ್ತಿತ್ತು. ದಾರಿಯುದ್ದಕ್ಕೂ ಪೀಪಾಯಿಯೊಳಗೆ ಅದು ಹಣ್ಣಾಗುತ್ತಿತ್ತು. ಇಂದು ಇಂಡಿಯಾ ಪೇಲ್ ಏಲ್ ಹೆಸರಿನಲ್ಲಿ ಸಿಗುವುದು ತಾಜಾ ಕುಡಿಯಬೇಕಾದ, ಹಾಪ್ಸ್ ಘಮದ ಬಿಯರ್. ಅಂದು ಬಂದರಿನಲ್ಲಿ ಇಳಿದದ್ದು ಹಣ್ಣಾದ ಬಿಯರ್. ಹೆಸರು ಒಂದೇ ಆದರೂ ಎರಡಕ್ಕೂ ಬೇಕಾದ ಉಪಚಾರ ತದ್ವಿರುದ್ಧ.

ಕಾರ್ಬಾಯಿಯನ್ನು ಮೂಲೆಯಲ್ಲಿಟ್ಟು ಮರೆತುಬಿಡುವುದು ಸಲ್ಲದು. ಅದನ್ನು ಕತ್ತಿನವರೆಗೂ ತುಂಬಿರಬೇಕು. ಬಿಯರಿನ ಮೇಲಿನ ಖಾಲಿ ಜಾಗವೆಲ್ಲ ಗಾಳಿಯ ಜಾಗ. ಅಮೆರಿಕದ ಚಳಿಗಾಲದಲ್ಲಿ ಹೀಟರಿನಿಂದ ಮನೆಯ ಗಾಳಿ ಒಣಗಿರುತ್ತದೆ, ಏರ್‌ಲಾಕಿನ ನೀರು ಗೊತ್ತಿಲ್ಲದೆ ಆವಿಯಾಗುತ್ತದೆ. ನೀರು ಒಣಗಿದರೆ ಬಾಗಿಲು ತೆರೆದಿಟ್ಟ ಹಾಗಾಯಿತು. ನಾನು ನೀರಿನ ಬದಲು ವೋಡ್ಕಾ ಹಾಕುತ್ತೇನೆ, ಒಳಗೆ ಸೆಳೆದುಕೊಂಡರೂ ಕೆಡುವುದಿಲ್ಲ. ಆದರೆ ಅದು ನೀರಿಗಿಂತ ಬೇಗ ಆರುತ್ತದೆ, ಹಾಗಾಗಿ ಇನ್ನೂ ಹೆಚ್ಚು ಸಲ ನೋಡಬೇಕು. ಬೆಳಕು ಬಿದ್ದರೆ ಹಾಪ್ಸಿನ ಕಹಿ ಒಡೆದು ಸ್ಕಂಕ್ ಪ್ರಾಣಿಯ ದುರ್ವಾಸನೆ ಹುಟ್ಟುತ್ತದೆ, ಆ ಕಂಬಳಿ ಅದಕ್ಕಾಗಿ. ರುಚಿ ನೋಡುವ ಆಸೆಗೆ ಪದೇ ಪದೇ ಬಿರಡೆ ತೆಗೆಯುವುದು ಎಲ್ಲಕ್ಕಿಂತ ದೊಡ್ಡ ಶತ್ರು. ಇನ್ನು ಗಾಜು. 19 ಲೀಟರ್ ತುಂಬಿದ ಕಾರ್ಬಾಯ್ 25 ಕೆಜಿ ಹತ್ತಿರ ತೂಗುತ್ತದೆ. ಒದ್ದೆ ಕೈಯಲ್ಲಿ ಜಾರಿದರೆ ಕೈಕಾಲಿನ ನರ ಕತ್ತರಿಸುವಷ್ಟು ದೊಡ್ಡ ಚೂರುಗಳಾಗುತ್ತದೆ. ಕತ್ತು ಹಿಡಿದು ಎತ್ತಲೇಬಾರದು. ಅದನ್ನು ಹಾಲಿನ ಕ್ರೇಟಿನೊಳಗೆ ಕೂರಿಸಿ, ಕ್ರೇಟಿನ ಹಿಡಿ ಹಿಡಿದು ಇಬ್ಬರು ಎತ್ತಬೇಕು.

ಬಾಟಲಿಯ ದಿನ ಇನ್ನೊಂದು ವಿಷಯ ನೆನಪಿರಬೇಕು. ಅಷ್ಟು ತಿಂಗಳು ಗಸಿ ಇಳಿದ ಮೇಲೆ ಬಿಯರಿನಲ್ಲಿ ಉಳಿದ ಯೀಸ್ಟ್ ಅಲ್ಪ, ಉಳಿದದ್ದೂ ಸುಸ್ತಾದದ್ದು. ಬಾಟಲಿಯಲ್ಲಿ ನೊರೆ ಬರಲು 80–90 ಗ್ರಾಂ ಕಾರ್ನ್ ಶುಗರ್ ಜೊತೆಗೆ ಸ್ವಲ್ಪ ತಾಜಾ ಒಣ ಯೀಸ್ಟನ್ನೂ ಬೆರೆಸಬೇಕು. ಬಾರ್ಲಿ ವೈನ್‌ಗೆ ಹೆಚ್ಚು ನೊರೆ ಬೇಡ. ಮುಚ್ಚಳ ಒತ್ತಿ, ಮೇಲೆ ಇಸವಿ ಬರೆದು, ಮತ್ತೆ ಅದೇ ಮೂಲೆಗೆ. ಇಂಗ್ಲೆಂಡಿನ ಡಾರ್ಚೆಸ್ಟರಿನಲ್ಲಿ 1968ರಲ್ಲಿ ಮೊದಲು ತಯಾರಾದ ಥಾಮಸ್ ಹಾರ್ಡೀಸ್ ಏಲ್ ಬಾಟಲಿಯಲ್ಲಿ 25 ವರ್ಷದವರೆಗೆ ಉತ್ತಮವಾಗುತ್ತ ಹೋಗುತ್ತದೆಂದು ಮಾಡಿದವರೇ ಹೇಳಿದ್ದರು. ಮನೆಯ ಬಾರ್ಲಿ ವೈನ್‌ಗೆ ಅಷ್ಟು ಆಯಸ್ಸು ಬೇಡ, ನಾಲ್ಕೈದು ವರ್ಷ ಸಾಕು. ಮಗಳು ಕಾಲೇಜಿಗೆ ಹೋದ ವರ್ಷದ ಬಾಟಲಿಗಳನ್ನು ಅವಳು ಪದವಿ ಮುಗಿಸಿ ಬಂದಾಗ ತೆರೆದೆವು. ಶೆರ್ರಿಯ ಛಾಯೆ ಬಂದಿತ್ತು. ಗಾಳಿ ಅತಿ ನಿಧಾನವಾಗಿ, ಅತಿ ಕಡಿಮೆಯಾಗಿ ಒಳಹೊಕ್ಕಾಗ ಗಟ್ಟಿ ಬಿಯರಿಗೆ ಬರುವ ಗುಣ ಅದು. ತೆಳು ಬಿಯರನ್ನು ಕೊಲ್ಲುವ ಆಮ್ಲಜನಕವೇ ಇಲ್ಲಿ ಹನಿಹನಿಯಾಗಿ ಬಂದು ರುಚಿ ಕೊಟ್ಟಿತ್ತು.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಬಳಕೆಯ ಬಿಯರೂ ಅದರೊಳಗೇ ಬರುತ್ತದೆ. ಅಲ್ಲಿರುವ ಗೆಳೆಯರು ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕುದಿಸುವವರನ್ನೇ ಮಾತಿಗೆಳೆದು, ಹಣ್ಣಾಗಿಸಿದ ಗಟ್ಟಿ ಬಿಯರ್ ಏಕೆ ಮಾಡುವುದಿಲ್ಲ ಎಂದು ಕೇಳಬೇಕು. ಗಿರಾಕಿ ಕೇಳದೆ ಯಾವ ಬ್ರೂವರಿಯೂ ಆರು ತಿಂಗಳು ಒಂದು ತೊಟ್ಟಿಯನ್ನು ಬಿಟ್ಟುಕೊಡುವುದಿಲ್ಲ.

ನನ್ನ ಹಾಗೆ ಚಳಿದೇಶದಲ್ಲಿದ್ದು, ಕಾನೂನಿನ ಅನುಮತಿಯಿದ್ದು, ಮನೆಯಡಿಯಲ್ಲಿ ತಣ್ಣಗಿನ ಕತ್ತಲ ಮೂಲೆಯೂ ಇರುವ ಕನ್ನಡಿಗರಿಗೆ ನನ್ನದೊಂದು ಬಿನ್ನಹ. ವರ್ಷವಿಡೀ ನಿಮ್ಮ ಪೇಲ್ ಏಲ್‌ಗಳನ್ನು ಮೂರು ವಾರಕ್ಕೇ ಬಾಟಲಿಗೆ ತುಂಬಿ, ತಾಜಾ ಕುಡಿಯಿರಿ. ಆದರೆ ಒಂದು ಅಕ್ಟೋಬರಿನಲ್ಲಿ ಬಾರ್ಲಿ ವೈನ್ ಕುದಿಸಿ. ನವೆಂಬರಿನಲ್ಲಿ ಬಸಿದು ಕಾರ್ಬಾಯ್ ತುಂಬಿಸಿ, ಯುಗಾದಿ ಕಳೆದ ಮೇಲೆ ಬಾಟಲಿಗೆ ಹಾಕಿ, ದೀಪಾವಳಿಯವರೆಗೆ ಒಂದನ್ನೂ ತೆರೆಯಬೇಡಿ.